ಓಂಕಾರಪ್ಪನವರನ್ನು ನೋಡಲು ಬಂದವರು

ಹೃದಯಾಘಾತವಾದ ನಾಲ್ಕನೇ ದಿನಕ್ಕೆ ಓಂಕಾರಪ್ಪನವರು ಸುಧಾರಿಸಿಕೊಂಡಿದ್ದರು. ಅವರ ಊರು ಕೆರೆಬಿಳಚಿ ಮಾತ್ರ ಇನ್ನೂ ಸುಧಾರಿಸಿರಲಿಲ್ಲ. ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಆ ಮನೆಯವರು ಮುಂದಿನ ಮೂರು ಮದುವೆಗೆ ಕರೆಯುವುದಿಲ್ಲವಲ್ಲ!

ಚನ್ನಗಿರಿಯ ಆ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಅವರ ಆರೈಕೆ ನರ್ಸ್ ನಿಂಗರಾಜನದು. “ನಾಲ್ಕು ಗಂಟೆ ತನಕ ಇವರ ಬಿ.ಪಿ. ಏರದಂತೆ ನೋಡ್ಕೋ, ಆಮೇಲೆ ರಜೆ,” ಎಂದಿದ್ದರು ಡಾಕ್ಟರ್ ಶಾಂತಲಾ. ಮರುದಿನ ಬೆಳಿಗ್ಗೆ ಜಗಳೂರಿನಲ್ಲಿ ಅವನ ಮಗಳ ನಾಮಕರಣ. ಬಸ್ಸು ಐದಕ್ಕೆ.

ಬೆಳಿಗ್ಗೆ ಒಂಬತ್ತಕ್ಕೇ ಊರಿನ ಮಾರಪ್ಪ ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣ ಹಿಡಿದು ಹಾಜರು.

“ಉಪ್ಪು, ಎಣ್ಣೆ ಕೊಡಂಗಿಲ್ರಿ!” ಎಂದ ನಿಂಗರಾಜ.

“ಇದು ಊಟ ಅಲ್ಲ ತಮ್ಮಾ, ಬಾಯಾಡ್ಸಾಕೆ,” ಎಂದು ಮಾರಪ್ಪ ಮಂಚದ ಮೇಲೇ ಕೂತ. “ಓಂಕಾರಣ್ಣ, ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು. ನಾಲ್ಕನೇ ದಿನ ನಗ್ತಾ ನಗ್ತಾ ಮಾತಾಡ್ತಿದ್ದ, ಆಮೇಲೆ ನೋಡು...”

ಓಂಕಾರಪ್ಪನವರ ಬಿ.ಪಿ. ಹತ್ತು ಏರಿತು.

ನಿಂಗರಾಜ ಅವನನ್ನು ಎಬ್ಬಿಸಿ ಕಳಿಸಿ, ಬಾಗಿಲಿಗೆ ‘ಭೇಟಿ ನಿಷೇಧ’ ಎಂದು ಬರೆದು ಅಂಟಿಸಿದ. ಪರಿಸ್ಥಿತಿ ಗಂಭೀರವಂತೆ ಎಂದು ಊರಲ್ಲಿ ಸುದ್ದಿ ಹಬ್ಬಿ, ಎರಡು ಟ್ರ್ಯಾಕ್ಸ್ ಜೀಪು ತುಂಬ ಜನ ಬಂದಿಳಿದರು. ನೆರೆಮನೆಯ ಸಾವಂತ್ರಮ್ಮ ಅಳುತ್ತಲೇ ಇಳಿದರು.

ಆಗ ನಿಂಗರಾಜನಿಗೊಂದು ಉಪಾಯ ಹೊಳೆಯಿತು. ಬಿ.ಪಿ. ಯಂತ್ರ ಹಿಡಿದು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತ. “ಬಿ.ಪಿ. ಜಾಸ್ತಿ ಇದ್ದೋರು ಹಾರ್ಟ್ ಪೇಷೆಂಟ್ ಹತ್ರ ಹೋಗಂಗಿಲ್ಲ. ಮೊದ್ಲು ತೋಳು ಚಾಚ್ರಿ!”

ತೋಳು ಚಾಚಿದವರದೆಲ್ಲ ಜಾಸ್ತಿ. ಆದರೆ ಯಾರೂ ಮನೆಗೆ ಹೋಗಲಿಲ್ಲ.

“ಈ ಕೈದೂ ನೋಡಪ್ಪ, ಇದ್ರಾಗೆ ಕಮ್ಮಿ ಇದ್ದೀತು,” ಎಂದು ಸಾವಂತ್ರಮ್ಮ ಮತ್ತೆ ಸಾಲಿಗೆ ನಿಂತರು. ಪುಕ್ಕಟೆ ತಪಾಸಣೆ ಎಂದು ಪಕ್ಕದ ಅಂಗಡಿಯವರೂ ಸೇರಿಕೊಂಡರು. ಓಂಕಾರಪ್ಪನವರ ನೆನಪು ಯಾರಿಗೂ ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಂಗರಾಜನೂ ಮುಖ ನೋಡುವುದನ್ನು ಬಿಟ್ಟಿದ್ದ. ಅವನ ಕಣ್ಣಿಗೆ ಬರೀ ತೋಳುಗಳು.

ಮೂರೂವರೆಗೆ ಒಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ. ನೂರಿಪ್ಪತ್ತು, ಎಂಬತ್ತು!

“ಇಡೀ ಸಾಲಿನಾಗೆ ನಿಮ್ದೊಂದೇ ಸರಿ ಐತೆ ಯಜಮಾನ್ರೆ. ಒಳಗೆ ಹೋಗಿ ನೋಡ್ಕೊಂಡು ಬರ್ರಿ.”

“ಯಾರನ್ನ ನೋಡ್ಲೋ? ಮಂಚ ಖಾಲಿ ಐತಲ್ಲ,” ಎಂದರು ಓಂಕಾರಪ್ಪ. “ನನ್ನ ನೋಡಾಕೆ ಒಬ್ರೂ ಬರ್ಲಿಲ್ಲ. ಬೇಜಾರಾತು, ಎದ್ದು ಬಂದೆ.”

ನಿಂಗರಾಜ ಕುರ್ಚಿಯಿಂದ ಜಾರಿದ. ಓಡಿ ಬಂದ ಡಾಕ್ಟರು ಅದೇ ಪಟ್ಟಿಯನ್ನು ಅವನ ತೋಳಿಗೆ ಸುತ್ತಿದರು. ನೂರಾ ಎಂಬತ್ತು!

“ಓಂಕಾರಪ್ನೋರೆ, ನಾಳೆ ನೀವು ಮನೆಗೆ. ನಿಂಗರಾಜ್, ನೀನು ಇವತ್ತು ಪಕ್ಕದ ಮಂಚಕ್ಕೆ.”

ಐದಕ್ಕೆ ಜಗಳೂರಿನ ಬಸ್ಸು ಹಾರನ್ ಹೊಡೆಯುತ್ತಾ ಹೋಯಿತು. ಮಾರಪ್ಪ ಬಂದು ನಿಂಗರಾಜನ ಕಾಲ ಬಳಿ ಕೂತು ಪೊಟ್ಟಣ ಬಿಚ್ಚಿದ.

“ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು ತಮ್ಮಾ...”