ಐದನೇ ಚೊಂಬಿಗೆ ಹಿಮ

ನಮ್ಮ ಮನೆಯ ಗೀಜರ್ ಮೂವತ್ತು ಲೀಟರಿನದು. ಅದರ ಮೇಲೆ ಹಾಗೆಂದು ಬರೆದಿದೆಯಂತೆ. ಓದಿ ಹೇಳಿದವನು ಮಗ ತ್ವಾನ್. ನನಗೆ ಓದು ಅಷ್ಟಕ್ಕಷ್ಟೆ, ಎಣಿಕೆ ಮಾತ್ರ ತಪ್ಪುವುದಿಲ್ಲ. ಮೂವತ್ತು ಲೀಟರ್ ಎಂದರೆ ನನ್ನ ಚೊಂಬಿನಲ್ಲಿ ಇಪ್ಪತ್ತು. ಆ ಮಹಾನುಭಾವ ಗೀಜರ್ ಕೊಡುತ್ತಿದ್ದುದೆಷ್ಟು? ಮೂರು ಚೊಂಬು ಬಿಸಿ, ನಾಲ್ಕನೆಯದು ಉಗುರುಬೆಚ್ಚಗೆ, ಐದನೆಯದು ಶುದ್ಧ ಹಿಮ. ಉಳಿದ ಹದಿನಾರು ಎಲ್ಲಿ ಹೋದವು? ಹನೋಯಿಯ ಚಳಿಯಲ್ಲಿ, ತಲೆಗೆಲ್ಲ ನೊರೆ ಮಾಡಿಕೊಂಡು ಕೂತ ಮುದುಕಿಯ ಬೆನ್ನ ಮೇಲೆ ಐದನೇ ಚೊಂಬು ಬಿದ್ದರೆ ಏನಾಗುತ್ತದೆಂದು ಆ ಗೀಜರ್ ಮಾಡಿದವನ ಅಜ್ಜಿಯನ್ನು ಕೇಳಬೇಕು.

ಬೇರೆ ದಿನವಾದರೆ ಸಹಿಸಿಕೊಳ್ಳುತ್ತಿದ್ದೆ. (ಸುಳ್ಳು. ದಿನವೂ ಕೂಗಾಡುತ್ತಿದ್ದೆ.) ಆದರೆ ಅವತ್ತು ವರ್ಷದ ಕೊನೆಯ ದಿನ. ಬಲಿತ ಕೊತ್ತಂಬರಿ ಗಿಡ ಕುದಿಸಿದ ನೀರು ಬೆರೆಸಿ, ತಲೆಗೆ ಮೈಗೆ ಎರೆದುಕೊಂಡು, ಹಳೇ ವರ್ಷದ ಕೊಳೆ ಕಳೆದ ಮೇಲೆಯೇ ಹಿರಿಯರ ಮುಂದೆ ಊದುಬತ್ತಿ ಹಚ್ಚಿ, ಟೆಟ್ ಹಬ್ಬಕ್ಕೆ ಮನೆಗೆ ಬನ್ನಿ ಎಂದು ಕರೆಯಬೇಕು. ನಮ್ಮ ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಒಂಬತ್ತು ವರ್ಷವೂ ಸಂಜೆ ಐದಕ್ಕೆ ಸರಿಯಾಗಿ ಕರೆದಿದ್ದೇನೆ. ಅರ್ಧ ತೊಳೆದ ತಲೆಯಲ್ಲಿ ಕರೆದರೆ ಬಂದಾರೆಯೇ? ಬದುಕಿದ್ದಾಗಲೇ ಎಲ್ಲಕ್ಕೂ ಕೊಂಕು ತೆಗೆಯುತ್ತಿದ್ದ ಮನುಷ್ಯ. ಒಲೆಯ ಮೇಲೆ ಕಾಯಿಸಿಕೊಳ್ಳಬಾರದಿತ್ತೇ ಎನ್ನಬೇಡಿ. ಒಂದರ ಮೇಲೆ ಎಡೆಯ ಕೋಳಿ, ಇನ್ನೊಂದರ ಮೇಲೆ ಕಳಲೆ ಸಾರು.

ನನ್ನ ಅನುಮಾನವೆಲ್ಲ ಸೊಸೆ ಲುಯೆನ್ ಮೇಲೆ. ಅವಳಿಗೆ ಸೊಂಟದವರೆಗೆ ಕೂದಲು.

"ಅಷ್ಟುದ್ದ ಕೂದಲು ಯಾಕೆ ಬೇಕೇ ನಿಂಗೆ? ಇರೋ ಬಿಸಿನೀರೆಲ್ಲ ಅದೇ ಕುಡಿಯತ್ತೆ."

"ಅತ್ತೆ, ನಾನು ತಲೆಗೆ ಹಾಕ್ಕೊಂಡು ಐದು ದಿನ ಆಯ್ತು. ನಂಗೂ ತಣ್ಣೀರೇ ಬರೋದು."

"ಹಾಗಾದ್ರೆ ಆ ಖಾಂಗ್‌ನ ಕರಿ. ಎರಡು ಸಲ ಬಂದು ಏನು ಕಡಿದು ಕಟ್ಟೆ ಹಾಕಿದ ಅಂತ ಕೇಳೋಣ."

ಖಾಂಗ್ ನಮ್ಮ ಓಣಿಯ ರಿಪೇರಿಯವನು. ಮೊದಲ ಸಲ ಬಂದಾಗ ಗೀಜರ್ ಬಿಚ್ಚಿ, ತಳದಲ್ಲಿ ಕೂತಿದ್ದ ಸುಣ್ಣದಂಥ ಗಸಿ ತೊಳೆದಿದ್ದ. ಎರಡನೇ ಸಲ ಕಾಯಿಲ್ ಬದಲಿಸಿದ್ದ. ಈಗ ಹಬ್ಬದ ಮಧ್ಯಾಹ್ನ ಮುಖ ಊದಿಸಿಕೊಂಡು ಬಂದು, ಮೀಟರಿನ ಕಡ್ಡಿ ಅಲ್ಲಿ ಇಲ್ಲಿ ಮುಟ್ಟಿಸಿ, "ಇದಕ್ಕೇನೂ ಆಗಿಲ್ಲ ಅಜ್ಜಿ. ನಮ್ಮನೇದಕ್ಕಿಂತ ಚೆನ್ನಾಗಿದೆ" ಎಂದ.

"ಹಾಗಿದ್ರೆ ಬದಲಾಯಿಸ್ಕೊಳ್ಳೋಣ. ಇದನ್ನ ನೀನೇ ಹೊತ್ಕೊಂಡು ಹೋಗು!"

"ಬೈಬೇಡಿ. ಅರ್ಧ ಗಂಟೆ ಬಿಟ್ರೆ ಪೂರ್ತಿ ಕಾಯ್ಬೇಕು. ಇಲ್ಲೇ ಕೂತಿರ್ತೀನಿ, ನೋಡೇಬಿಡೋಣ."

ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಬಚ್ಚಲ ಬಾಗಿಲ ಎದುರು ತಪಸ್ಸಿಗೆ ಕೂತ. ಮನೆಗೆ ಬಂದವನನ್ನು ಹಾಗೆಯೇ ಕೂರಿಸಲಾದೀತೇ? ಟೀ ತಂದುಕೊಟ್ಟು ಬೈದೆ. ಸಕ್ಕರೆ ಪಾಕದ ಶುಂಠಿ ತಂದುಕೊಟ್ಟು ಬೈದೆ. ತ್ವಾನ್ ತಂದಿದ್ದ ಪೀಚ್ ಹೂವಿನ ಕೊಂಬೆ ಎತ್ತಿಕೊಂಡು ಹೋಗುವಾಗಲೂ ಬೈದೆ. ನಾಲ್ಕನೇ ಸಲ ಟೀ ಕೆಟಲ್ ಹಿಡಿದು ಹೊರಟಾಗ ಅವನು ಜಿಗಿದೆದ್ದ.

"ಅಜ್ಜಿ, ಹಾಗೇ ನಿಲ್ಲಿ! ಅಲ್ಲಾಡ್ಬೇಡಿ. ನಿಮ್ಮ ಬಲಗೈ ನೋಡ್ಕೊಳ್ಳಿ."

ಎಡಗೈಯಲ್ಲಿ ಕೆಟಲ್ ಇತ್ತು. ಬಲಗೈ ಗೋಡೆಯ ಮೇಲೆ, ಗೀಜರಿನ ಸ್ವಿಚ್ಚಿನ ಮೇಲಿತ್ತು. ಅದರ ಕೆಂಪು ದೀಪ ಆರಿತ್ತು.

"ಟೀ ತಂದಾಗ ಆರಿಸಿದ್ರಿ, ಸೊಸೆ ಬಂದು ಹಾಕಿದ್ರು. ಶುಂಠಿ ತಂದಾಗ ಆರಿಸಿದ್ರಿ, ಮತ್ತೆ ಅವ್ರು ಹಾಕಿದ್ರು. ಹೂವಿಗೊಂದು ಸಲ. ಇದು ನಾಲ್ಕನೇದು. ನಿಲ್ಲೋದೂ ಇಲ್ಲ, ನೋಡೋದೂ ಇಲ್ಲ!"

"ಅಯ್ಯೋ, ನಾನು ತ್ವಾನೇ ಆರಿಸ್ತಿದಾರೆ ಅಂತ ಅವ್ರ ಜೊತೆ ದಿನಾ ಜಗಳ ಆಡ್ತಿದ್ನಲ್ಲ" ಎಂದಳು ಲುಯೆನ್.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೀಪ ಉರಿಯುತ್ತಿರುವಾಗಲೇ ನೀರು ಮುಟ್ಟಿ ಷಾಕ್ ಹೊಡೆಸಿಕೊಂಡವರ ಕಥೆ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಒಂದೊಂದಿದೆ. ಆರಿಸಿಯೇ ಬಚ್ಚಲಿಗೆ ಕಾಲಿಡಬೇಕೆಂದು ಮನೆಯವರಿಗೆಲ್ಲ ಕಲಿಸಿದವಳು ನಾನು. ಕಲಿಸುತ್ತ ಕಲಿಸುತ್ತ ನನ್ನ ಕೈಯೂ ಕಲಿತುಬಿಟ್ಟಿದೆ, ನನಗೊಂದು ಮಾತು ಹೇಳದೆ! ಅದಕ್ಕೆ ನಾನು ಹೊಣೆಯೇ?

"ಮೀಟರ್ ಇಡ್ಬೇಕಿದ್ದಿದ್ದು ಗೀಜರಿಗಲ್ಲ" ಎಂದು ಗೊಣಗುತ್ತ ಖಾಂಗ್ ಹೊರಟುಹೋದ.

ಲುಯೆನ್ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ಎರಡೂ ಕೈಗೆ ಕೆಲಸವಿರಲೆಂದು ಬುಟ್ಟಿ ತುಂಬ ಬೆಳ್ಳುಳ್ಳಿ ಕೊಟ್ಟಳು. ಅರ್ಧ ಗಂಟೆ ಸುಲಿದೆ. ಆಮೇಲೆ ಎರೆದುಕೊಂಡೆ ನೋಡಿ! ಹದಿನಾಲ್ಕು ಚೊಂಬು ಎಣಿಸಿದೆ, ಒಂದೂ ತಣ್ಣಗಾಗಲಿಲ್ಲ. ಮೈಯೆಲ್ಲ ಕೊತ್ತಂಬರಿ ಘಮ.

ಐದಕ್ಕೆ ಸರಿಯಾಗಿ ಊದುಬತ್ತಿ ಹಚ್ಚಿ ಯಜಮಾನರ ಫೋಟೋದ ಮುಂದೆ ನಿಂತೆ. ಲೆಕ್ಕ ತಪ್ಪಿದ್ದರೆ ತಿದ್ದಿ ಹೇಳುವುದು ನನ್ನ ಪದ್ಧತಿ.

"ಇವರೇ, ಹಬ್ಬಕ್ಕೆ ಮನೆಗೆ ಬನ್ನಿ. ಗೀಜರ್ ವಿಷಯ ಇತ್ಯರ್ಥ ಆಯ್ತು, ತಪ್ಪು ನನ್ನ ಕೈಯದು. ಪ್ರತಿ ಪಾಡ್ಯಕ್ಕೂ ಹುಣ್ಣಿಮೆಗೂ ನಿಮ್ಮ ಮುಂದೆ ಬೇಡ್ಕೋತಿದ್ನಲ್ಲ, ಸೊಸೆ ಬಿಸಿನೀರೆಲ್ಲ ನುಂಗ್ತಾಳೆ, ಕನಸಲ್ಲಿ ಬಂದು ಸ್ವಲ್ಪ ಹೆದರಿಸಿ ಅಂತ, ಅದನ್ನ ವಾಪಸ್ ತಗೊಂಡೆ."

ಹಿಂದೆ ತಟ್ಟೆಯ ಸದ್ದಾಯಿತು. ಎಡೆಯ ಕೋಳಿ ಹಿಡಿದು ಲುಯೆನ್ ನಿಂತಿದ್ದಳು.

"ಮಾವ ಬಂದಿದ್ರು ಅತ್ತೆ, ಎರಡು ಸಲ" ಎಂದಳು ತಣ್ಣಗೆ. "ಪಾಪ, ನನ್ನನ್ನೇನೂ ಹೆದರಿಸ್ಲಿಲ್ಲ. 'ಇವಳ ಜೊತೆ ಹೇಗೆ ಏಗ್ತೀಯಮ್ಮ' ಅಂತ ಕೇಳ್ಕೊಂಡು ಹೋದ್ರು."