ಶಿಷ್ಯೆಯ ಪಕ್ಕದ ಜಾಗ

ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ ಎಂಬುದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಎಂ.ಎ. ಕ್ಲಾಸಿನಲ್ಲಿ. ಕುಮಟಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು, ಹೆಸರಿನ ಮುಂದೆ ಇನ್ನೆರಡು ಅಕ್ಷರ ಇರಲಿ ಎಂದು ರಜೆ ಹಾಕಿ ಹೊನ್ನಾವರದ ಕಾಲೇಜಿಗೆ ಸೇರಿದ್ದೆ. "ಕನ್ನಡ ತಾನೆ, ನಾನು ಹೊಸದಾಗಿ ಓದುವುದು ಎಂತ ಇದ್ದು?" ಎಂದು ಗಂಡನ ಎದುರು ಜಂಬ ಕೊಚ್ಚಿದ್ದೂ ಆಗಿತ್ತು.

ಮೊದಲ ದಿನ ಕ್ಲಾಸಿನೊಳಗೆ ಕಾಲಿಟ್ಟರೆ ಒಬ್ಬ ಹುಡುಗಿ ದಡಕ್ಕನೆ ಎದ್ದು ನಿಂತಳು. "ಟೀಚರ್! ನಮ್ಗೆ ಪಾಠ ಮಾಡ್ಲಿಕ್ಕೆ ಬಂದದ್ದಾ?"

ಭಟ್ಕಳದ ನಾಜಿಮಾ. ಹಿಂದೆ ಕುಮಟಾದ ಚಿಕ್ಕಮ್ಮನ ಮನೆಯಲ್ಲಿದ್ದು ನನ್ನ ಕೈಕೆಳಗೆ ಓದಿದವಳು. ಮನೆಯಲ್ಲಿ ನವಾಯತಿ ಮಾತು, ಪೇಟೆಯಲ್ಲಿ ಉರ್ದು. ಆಗ ಕನ್ನಡದ ಒತ್ತಕ್ಷರಗಳನ್ನೆಲ್ಲ ನುಂಗಿಬಿಡುತ್ತಿದ್ದಳು. "ಅಲ್ಲ, ಕಲೀಲಿಕ್ಕೆ" ಎಂದೆ, ಆದಷ್ಟು ಮೆಲ್ಲಗೆ. ಅವಳು ಪಕ್ಕದ ಜಾಗವನ್ನು ಕೈಯಿಂದ ಒರೆಸಿ ನನ್ನನ್ನು ಕೂರಿಸಿಕೊಂಡಳು.

ಆಮೇಲೆ ಶುರುವಾಯಿತು. ಅವಳು ಹಳಗನ್ನಡವನ್ನು ಇವತ್ತಿನ ಪೇಪರಿನಂತೆ ಓದುತ್ತಿದ್ದಳು. ಮೇಷ್ಟ್ರು "ಭೇಷ್" ಎಂದ ದಿನವೆಲ್ಲ ನನಗೆ ಹೊಟ್ಟೆ ತಂಪಿಗೆ ಬಿರಿಂಡೆ ಹಣ್ಣಿನ ಶರಬತ್ತು ಬೇಕಾಗುತ್ತಿತ್ತು. ಒಮ್ಮೆ ಮೇಷ್ಟ್ರು ನನ್ನನ್ನೇ ಬೋರ್ಡಿಗೆ ಕರೆದು, ಕಂದಪದ್ಯವೊಂದಕ್ಕೆ ಪ್ರಸ್ತಾರ ಹಾಕಲು ಹೇಳಿದರು. ಗುರು ಇರಬೇಕಾದಲ್ಲಿ ಲಘು ಹಾಕಿದೆ. ಗುರುವಾಗಿದ್ದ ನಾನೂ ಲಘುವಾದೆ. ಹುಡುಗರು ಕಿಸಕ್ಕನೆ ನಕ್ಕರು.

"ಸರ್, ಟೀಚರಿಗೆ ಬೆಳಿಗ್ಗೆಯಿಂದ ಜ್ವರ" ಎಂದಳು ನಾಜಿಮಾ.

ನನಗೆ ನೆಗಡಿಯೂ ಇರಲಿಲ್ಲ. ಅವಳ ಜಾಣತನವನ್ನಾದರೂ ಹೇಗೋ ಸಹಿಸಬಹುದಿತ್ತು. ಈ ಒಳ್ಳೆಯತನವನ್ನು ಸಹಿಸುವುದು ಹೇಗೆ? ಆದರೆ ಪರೀಕ್ಷೆ ಹತ್ತಿರವಿತ್ತು. ನಪಾಸಾದರೆ ನನ್ನ ಶಾಲೆಯ ಮಕ್ಕಳ ಎದುರು ಯಾವ ಮುಖ ಹೊತ್ತು ನಿಲ್ಲಲಿ? ಸಂಜೆ ಬಸ್‌ಸ್ಟ್ಯಾಂಡಿನಲ್ಲಿ, ಗಂಟಲಲ್ಲಿ ಬಂಗಡೆ ಮೀನಿನ ಮುಳ್ಳು ಸಿಕ್ಕವಳಂತೆ ಕೇಳಿದೆ: "ನಾಜಿಮಾ, ಈ ಛಂದಸ್ಸು ಸ್ವಲ್ಪ ಹೇಳಿಕೊಡ್ತೀಯೇನೆ?"

"ಆತು ಟೀಚರ್. ನಾ ತಿದ್ದಿದ್ರೆ ಸಿಟ್ಟು ಮಾಡ್ಬಾರ್ದು ಮತ್ತೆ!"

ಸಿಟ್ಟು ಬಂತು, ನುಂಗಿಕೊಂಡೆ, ಛಂದಸ್ಸೂ ಬಂತು. ಫಲಿತಾಂಶದಲ್ಲಿ ಅವಳು ಕಾಲೇಜಿಗೇ ಮೊದಲು. ನಾನು ಸೆಕೆಂಡ್ ಕ್ಲಾಸು. ಸನ್ಮಾನದ ದಿನ ಅವಳು ವೇದಿಕೆಯಿಂದ ನನ್ನತ್ತ ಕೈ ತೋರಿಸಿ, "ನನ್ಗೆ ಕನ್ನಡ ಬಂದದ್ದೇ ಇವ್ರಿಂದ" ಎಂದಳು. ಸಭೆಯೆಲ್ಲ ಚಪ್ಪಾಳೆ. ನನ್ನ ಕಣ್ಣು ತುಂಬಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ: "ಈ ವರ್ಷ ನಾನು ನಿಜವಾಗಿ ಕಲಿತದ್ದು ಅಂದ್ರೆ ವಿನಯ."

"ಹೌದನೇ? ಅದ್ರಲ್ಲಾದ್ರೂ ಆ ಹುಡುಗಿಗಿಂತ ಮುಂದೆ ಇದ್ಯಾ?" ಎಂದರು.

ಅಂದಿನಿಂದ ನಾಜಿಮಾಳ ವಿನಯದ ಮೇಲೂ ನನಗೆ ಕಣ್ಣು.