ಸಾಹೇಬರಿಗಾಗಿ ಸಾರಿಸಿದ ಕಾಲುದಾರಿ

ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಬೇರೆಯವರ ಗಂಟಲಿನ ಚಟ. ಒಬ್ಬ ಮನುಷ್ಯ ನನ್ನೆದುರು ನಾಲ್ಕು ಮಾತಾಡಿ ಎದ್ದು ಹೋದನೆಂದರೆ, ಅವನು ಹೊಸ್ತಿಲು ದಾಟುವುದರೊಳಗೆ ನಾನು ಅವನಾಗಿಬಿಟ್ಟಿರುತ್ತೇನೆ. ಶಾಲೆಯ ಮಾಸ್ತರರ ಸೀನು, ಮಠದ ಅಯ್ಯನವರ ಆಶೀರ್ವಾದ, ಊರ ಪಾಟೀಲರ ಕೆಮ್ಮು, ಎಲ್ಲವೂ ನನ್ನಲ್ಲಿ ಸಿಗುತ್ತವೆ. ಅಪ್ಪನ ಕಿರಾಣಿ ಅಂಗಡಿಗೆ ಬೆಲ್ಲಕ್ಕೆ ಬಂದವರು ಕೊಸರಿಗೆ ಒಂದು ನಕಲು ಮಾಡಿಸಿಕೊಂಡೇ ಹೋಗುತ್ತಾರೆ. ಮಾಡಗ್ಯಾಳದ ಟಗರಿನಂತೆ ನಾನು ಕೂಗಿದರೆ ಕುರಿಗಳು ಹಿಂಡುಗಟ್ಟಿ ಹಿಂದೆ ಬರುತ್ತವೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಆ ತಳಿಯ ಕುರಿಗಳ ಮೂಗು ಗಿಳಿಯ ಕೊಕ್ಕಿನಂತೆ ಡೊಂಕು. ದೇವರು ಅದೇ ಅಚ್ಚಿನಲ್ಲಿ ನನಗೂ ಒಂದನ್ನು ಎರಕ ಹೊಯ್ದಿದ್ದಾನೆ. ಕೂಗು ಕೇಳಿ ಅನುಮಾನಪಟ್ಟ ಕುರಿಗೂ ನನ್ನ ಮುಖ ನೋಡಿದ ಮೇಲೆ ನಂಬಿಕೆ ಬರುತ್ತದೆ.

ಅಂಗಡಿಯ ಸಾಮಾನು ತರಲು ಅಪ್ಪ ನನಗೊಂದು ಹಳೆಯ ಸೈಕಲ್ಲು ಕೊಡಿಸಿದ್ದಾನೆ. ಅದಕ್ಕೆ ಗಂಟೆ ಇಲ್ಲ. ಗಂಟೆಯ ಸದ್ದನ್ನೂ ನಾನೇ ಮಾಡುತ್ತೇನೆ. ಬ್ರೇಕೂ ಇಲ್ಲ. ಬಾಯಿಂದ ಬ್ರೇಕಿನ ಸದ್ದು ಮಾಡಿದರೆ ಸೈಕಲ್ಲು ನಿಲ್ಲುವುದಿಲ್ಲ ಎಂಬುದನ್ನು ಒಂದು ಸಲ ಪಾಟೀಲರ ಎಮ್ಮೆಯ ಮೇಲೆ ಪ್ರಯೋಗ ಮಾಡಿ ಖಾತ್ರಿ ಮಾಡಿಕೊಂಡಿದ್ದೇನೆ. ಸಂಸ್ಥಾನ ಹೋಗಿ ಸರಕಾರ ಬಂದ ಮೇಲೆ ನಮ್ಮೂರಿನಿಂದ ಮಾಡಗ್ಯಾಳದ ಸಂತೆಗೆ ಹೋಗುವ ರಸ್ತೆಗೆ ಬಸ್ಸೂ ಬಂದಿತು. ರಸ್ತೆ ಮಾತ್ರ ಸಂಸ್ಥಾನದ ಕಾಲದ್ದೇ ಉಳಿಯಿತು. ಬಸ್ಸು ಬಂತೆಂದರೆ ನಡೆಯುವವರು, ಸೈಕಲ್ಲಿನವರು, ಕುರಿಗಳು, ಎಲ್ಲರೂ ಮೇಲುಕೀಳು ನೋಡದೆ ಪಕ್ಕದ ಜಾಲಿಮುಳ್ಳಿನ ತಗ್ಗಿಗೆ ಇಳಿಯಬೇಕು. ನನಗೇನೋ ಮುಳ್ಳು ಚುಚ್ಚಿದರೆ ಹೊಸದೊಂದು ಧ್ವನಿ ಹೊರಡುತ್ತದೆ, ಅಷ್ಟೇ. ನಿಜವಾದ ಕಷ್ಟ ಬಳೆಗಾರ ಹುಸೇನಸಾಬರದು. ವಯಸ್ಸಾದ ಮನುಷ್ಯ, ಹೆಗಲ ಮೇಲೆ ಗಾಜಿನ ಬಳೆಗಳ ಮಲಾರ, ಸಂತೆಯೊಂದೇ ಹೊಟ್ಟೆಪಾಡು. ಅವರು ತಗ್ಗಿಗೆ ಹಾರಿದಾಗಲೆಲ್ಲ ಹೆಗಲಿನಿಂದ ಛಳ್ ಎಂದು ಸದ್ದು. ಬಳೆ ಒಡೆದವು ಎನ್ನಬಾರದು, ಹೆಚ್ಚಿದವು ಎನ್ನಬೇಕು ನಮ್ಮ ಕಡೆ. ಆ ಲೆಕ್ಕದಲ್ಲಿ ಹುಸೇನಸಾಬರದು ವರ್ಷವಿಡೀ ಹೆಚ್ಚುತ್ತಲೇ ಇದ್ದ ವ್ಯಾಪಾರ.

“ಮಲ್ಯಾ, ನಾ ಬಳಿ ಮಾರಾಂವೋ, ಸರ್ಕಸ್ ಮಾಡಾಂವೋ?” ಎಂದರು ಒಂದು ದಿನ, ಮೊಣಕಾಲಿನ ಮುಳ್ಳು ಕೀಳುತ್ತ. “ಇನ್ನೊಂದು ವರ್ಷ ಹಿಂಗ ಹಾರಿದ್ನೆಂದ್ರ ಮಲಾರ ಗೂಟಕ್ಕ ಹಾಕಿ, ವಿಜಾಪುರಕ್ಕ ಮಗಳ ಮನಿಗೆ ಹೋಗಿ ಕುಂದರೂದ ನೋಡಪಾ. ಅಳಿಯ ಚಲೋ ಇದ್ದಾನ. ಅವನ ರೊಟ್ಟಿ ನನ್ನ ಗಂಟಲಾಗ ಇಳಿಯಂಗಿಲ್ಲ.”

ರಸ್ತೆಯ ಬದಿಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಬೇರೆ ಕಾಲುದಾರಿ ಮಾಡಿಸಿಕೊಡಿ ಎಂದು ಊರವರು ತಾಲೂಕು ಬೋರ್ಡಿಗೆ ಅರ್ಜಿ ಹಾಕಿದರು. ಅಂಥ ಕೆಲಸಕ್ಕೆ ಸರಕಾರದ ಹಣ ಬಂದಿದೆ, ಬೋರ್ಡಿನ ಸಾಹೇಬರೇ ಬಂದು ನಿಮ್ಮ ದಾರಿಯ ಅವಸ್ಥೆ ನೋಡಿ ಮಂಜೂರು ಮಾಡುತ್ತಾರೆ ಎಂದು ಸುದ್ದಿ ಬಂದಿತು. ಚಾವಡಿಯಲ್ಲಿ ಪಾಟೀಲರು ಸಭೆ ಕರೆದರು. “ಸಾಹೇಬ್ರ ಮುಂದ ನಮ್ಮ ಮಂದಿ ಬಾಯಿ ಕಟ್ಟತೈತಿ. ಇವತ್ತಽ ರೂಢಿ ಮಾಡೂಣು. ಮಲ್ಯಾ, ನೀ ಸಾಹೇಬ ಆಗು.”

ಕೇಳಬೇಕೆ? ಮಾಸ್ತರರ ಕರಿ ಟೊಪ್ಪಿಗೆ ಹಾಕಿಕೊಂಡು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತೆ. ಹುಸೇನಸಾಬರು ಕೈ ಮುಗಿದು, “ಸಾಹೇಬ್ರ, ದಾರಿ ಭಾಳ ಕೆಟ್ಟೈತ್ರಿ” ಎಂದರು. ಅಲ್ಲಿಗೆ “ಆತು, ನೋಡೂಣು” ಎಂದು ಮುಗಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನನ್ನ ನಾಲಿಗೆಗೂ ಬ್ರೇಕಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು, “ಏ ಪಾಟೀಲ! ನಿಮ್ಮೂರಾಗ ಮನಷ್ಯಾರು ಇರ್ತಾರೋ, ಬರೇ ಕುರಿ ಇರ್ತಾವೋ? ಊರಿಗೆ ಬಂದ ಪಾವಣ್ಯಾರನ್ನ ಇಂಥಾ ಮುಳ್ಳಾಗ ನಡಸ್ತೀರೇನು? ಛೀ, ಛೀ!” ಎಂದೆ.

ಜನ ಬಿದ್ದು ಬಿದ್ದು ನಕ್ಕರು. ಪಾಟೀಲರು ನಗಲಿಲ್ಲ. “ಅಲ್ಲಲೇ, ಅಂವ ಅಂದದ್ದು ಖರೇ ಐತಿ. ಸಾಹೇಬ್ರು ಮದಲನೇ ಸಲ ಬರಾಕತ್ತಾರ. ಮನಿಗೆ ಬಂದವರು ಮುಳ್ಳ ತುಳಕೋತ ಬಂದ್ರ ಯಾರ ಮಾನ ಹೋಗ್ತೈತಿ?”

ನಮ್ಮ ಕಡೆ ಬೀಗರು ಬರುತ್ತಾರೆಂದರೆ ಗೋಡೆಗೆ ಸುಣ್ಣ, ನೆಲಕ್ಕೆ ಸೆಗಣಿ. ಮನೆಯಲ್ಲಿ ಇಲ್ಲದ್ದನ್ನು ಪಕ್ಕದ ಮನೆಯಿಂದ ತಂದಾದರೂ ಇದೆ ಎಂದು ತೋರಿಸಬೇಕು. ಮರುದಿನ ಬೆಳಗಾಗುವುದೇ ತಡ, ಊರಿಗೆ ಊರೇ ಗುದ್ದಲಿ ಬುಟ್ಟಿ ಹಿಡಿದು ರಸ್ತೆಗೆ ಇಳಿಯಿತು. ಜಾಲಿ ಕಡಿದರು, ತಗ್ಗು ಮುಚ್ಚಿದರು, ಗರಸು ಮಣ್ಣು ಹಾಸಿ ನೀರು ಹೊಡೆದರು, ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿದರು. ಊರ ಬಾಗಿಲಲ್ಲಿ ಹೆಂಗಸರು ಸೆಗಣಿ ಸಾರಿಸಿ ರಂಗೋಲಿಯನ್ನೂ ಹಾಕಿದರು. ನಾನೂ ಬುಟ್ಟಿ ಹೊತ್ತೆ. ಹೊತ್ತದ್ದಕ್ಕಿಂತ ಹೊರುವವರ ಏದುಸಿರನ್ನು ನಕಲು ಮಾಡಿದ್ದು ಹೆಚ್ಚು ಎಂದು ಅಪ್ಪ ಹೇಳುತ್ತಾನೆ. ನಾವೆಲ್ಲ ಯಾವ ದಾರಿಯ ದುರವಸ್ಥೆ ತೋರಿಸಲು ಸಾಹೇಬರನ್ನು ಕರೆಸಿದ್ದೇವೆ ಎಂಬುದು, ಆಣೆ ಮಾಡಿ ಹೇಳುತ್ತೇನೆ, ಆ ದಿನ ಒಬ್ಬರ ತಲೆಗೂ ಹೊಳೆಯಲಿಲ್ಲ.

ಹೊಳೆದದ್ದು ಸಾಹೇಬರು ಜೀಪಿನಿಂದ ಇಳಿದಾಗ. ಅವರು ಮರಾಠಿಯವರು, ನಮ್ಮ ಮೇಲಿನ ಪ್ರೀತಿಯಿಂದ ಕನ್ನಡ ಮಾತಾಡುತ್ತಿದ್ದರು. ಕಾಲುದಾರಿಯ ಮೇಲೆ ಅತ್ತ ಇತ್ತ ನಡೆದು, “ವಾಹವಾ! ಫಾರ್ ಛಾನ! ಪಾಟೀಲ, ಇಷ್ಟು ಚಲೋ ದಾರಿ ನಾನು ತಾಲೂಕಿನಲ್ಲಿ ಎಲ್ಲೂ ನೋಡಿಲ್ಲ” ಎಂದರು.

ಪಾಟೀಲರು ಹೊಗಳಿಕೆಗೆ ರೂಢಿಯಂತೆ ಬಾಗಿ, “ಎಲ್ಲಾ ತಮ್ಮ ಕೃಪಾರಿ” ಎಂದುಬಿಟ್ಟರು. ಅಂದ ಮೇಲೆ ಅವರಿಗೆ ಕೆಮ್ಮು ಬಂದಿತು. ಆ ಕೆಮ್ಮನ್ನು ನಾನು ಇಂದಿಗೂ ನಕಲು ಮಾಡಲಾರೆ. ಅಷ್ಟು ದುಃಖ ಅದರಲ್ಲಿತ್ತು.

ಚಾವಡಿಯಲ್ಲಿ ಅವಲಕ್ಕಿ, ಚಹಾ ಆಯಿತು. ಸಾಹೇಬರ ಮನಸ್ಸು ಕರಗಲಿ ಎಂದು ಪಾಟೀಲರು ನನ್ನನ್ನು ಮುಂದೆ ದೂಡಿದರು. ಮಾಸ್ತರರಾದೆ, ಅಯ್ಯನವರಾದೆ, ಟಗರಾದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಪೆನ್ನು ತೆಗೆದು, ದಾರಿ ಬಹಳ ಚೆನ್ನಾಗಿದೆ, ಈ ಊರಿಗೆ ಹಣದ ಅಗತ್ಯವಿಲ್ಲ ಎಂದು ಬರೆಯತೊಡಗಿದರು. ಹುಸೇನಸಾಬರು ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ತಿರುಗಿ ನೋಡಿದೆ. ಆ ಮುಖ ನೋಡಿ ನನ್ನ ಚೇಷ್ಟೆಯೆಲ್ಲ ಎಲ್ಲೋ ಅಡಗಿತು. ಕೈ ಮುಗಿದು ಹೇಳಿದೆ: “ಸಾಹೇಬ್ರ, ಬರೀಬ್ಯಾಡ್ರಿ. ಇದೆಲ್ಲಾ ತಾವು ಬರ್ತೀರಂತ ಮಾಡಿದ್ರಿ. ಒಂದು ಮಳಿ ಬಂದ್ರ ಹರದು ಹೋಗ್ತೈತ್ರಿ. ಈ ಮುದುಕನ ಹೊಟ್ಟಿ ಈ ದಾರಿ ಮ್ಯಾಲ ಐತ್ರಿ.”

ಸಾಹೇಬರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಮೇಜು ಗುದ್ದಿ, ಕಣ್ಣಲ್ಲಿ ನೀರು ಬರುವಂತೆ ನಕ್ಕು, “ಒಹೋ! ಇದು ಯಾರ ನಕಲು?” ಎಂದರು.

ನನ್ನ ಸ್ವಂತ ಗಂಟಲನ್ನು ನಾನು ಹೊರಗೆ ತೆಗೆದದ್ದು ಅದೇ ಮೊದಲು. ಯಾರಿಗೂ ಗುರುತು ಹತ್ತಲಿಲ್ಲ.

ಹಣ ಪಕ್ಕದ ಊರಿಗೆ ಹೋಯಿತು. ಅವರು ತಮ್ಮ ಮುಳ್ಳುಗಳನ್ನು ಮಕ್ಕಳಂತೆ ಕಾಪಾಡಿಕೊಂಡಿದ್ದರು. ನಮ್ಮ ದಾರಿ ಮಳೆಯವರೆಗೂ ಬಾಳಲಿಲ್ಲ. ರಸ್ತೆ ಅಗಲವಾಗಿದೆ ಎಂದು ತಿಳಿದ ಬಸ್ಸಿನ ಡ್ರೈವರನು ಎತ್ತಿನ ಚಕ್ಕಡಿಗಳನ್ನು ಹಿಂದೆ ಹಾಕಲು ನಮ್ಮ ಗರಸಿನ ಮೇಲೆಯೇ ಬಸ್ಸು ಹಾಯಿಸತೊಡಗಿದ. ಮೊದಲು ಒಂದೇ ಜಿಗಿತಕ್ಕೆ ತಗ್ಗು ಸಿಗುತ್ತಿತ್ತು. ಈಗ ಬಸ್ಸು ತಪ್ಪಿಸಿಕೊಳ್ಳಲು ಹುಸೇನಸಾಬರು ಎರಡು ಸಲ ಜಿಗಿಯಬೇಕು. ಮಲಾರವನ್ನು ಇನ್ನೂ ಗೂಟಕ್ಕೆ ಹಾಕಿಲ್ಲ. ಮತ್ತೊಂದು ಅರ್ಜಿಯ ದಾರಿ ನೋಡುತ್ತೇನೆ ಎನ್ನುತ್ತಾರೆ.

ಆ ಅರ್ಜಿ ಮೊನ್ನೆ ಹೋಯಿತು. ಸಾಹೇಬರು ಮತ್ತೆ ಬರುವ ದಿನವೂ ಗೊತ್ತಾಗಿದೆ. ಪಾಟೀಲರು ನನ್ನನ್ನು ಚಾವಡಿಗೆ ಕರೆಸಿ, “ಈ ಸಲ ಒಂದು ಕಲ್ಲೂ ಅಲುಗಸಂಗಿಲ್ಲ. ಆ ದಿನಾ ನೀನೂ ಊರಾಗ ಇರಂಗಿಲ್ಲ. ಉಟಗಿ ಊರಾಗ ನಿಮ್ಮತ್ತಿ ಮನಿಗೆ ಹೋಗಿ ಬಿಡು” ಎಂದರು. ಬಸ್ಸಿನ ಟಿಕೀಟಿಗೆ ಅಲ್ಲಿಯೇ ಪಟ್ಟಿ ಹಾಕಿ ಹಣ ಎತ್ತಿದರು. ಎಲ್ಲರಿಗಿಂತ ಮೊದಲು ಗಂಟು ಬಿಚ್ಚಿದವರು ಹುಸೇನಸಾಬರು. ಕಾಲುದಾರಿಯ ಸಲುವಾಗಿ ನಮ್ಮೂರಲ್ಲಿ ಮಂಜೂರಾದ ಮೊದಲ ಸಾರ್ವಜನಿಕ ಹಣವನ್ನು ಹೀಗೆ ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಹೋಗುವುದಕ್ಕೆ ಮಾತ್ರ ಸಾಲುವಷ್ಟಿತ್ತು.

“ಬರೂ ಟಿಕೀಟಿಗ್ರಿ?” ಎಂದು ಕೇಳಿದೆ.

“ಬರೂಮುಂದ ನಡಕೋತ ಬಾರಪಾ,” ಎಂದರು ಹುಸೇನಸಾಬರು. “ದಾರಿ ಭಾಳ ಚಲೋ ಐತಂತ ಸಾಹೇಬ್ರು ಬರದಾರಲಾ.”